ಕಿರುಬೆರಳು ಬೇಡದ ಸ್ವರ

ಆಸ್ಪತ್ರೆಯ ಲಾಂಡ್ರಿ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಅಲ್ಲಿನ ಬ್ಯಾಂಡಿನವರೆಲ್ಲ ದೊಡ್ಡಮ್ಮ ಎಂದು ಕರೆಯುತ್ತಿದ್ದರು. ಬ್ಯಾಂಡಿನಲ್ಲಿ ಎಲ್ಲಕ್ಕಿಂತ ದೊಡ್ಡ ವಾದ್ಯ ಅವಳದು, ಟ್ಯೂಬಾ. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಹಿತ್ತಾಳೆಯ ಸುರುಳಿಗಳ ಹಿಂದಿನಿಂದ ಅವಳ ಒಂದು ಕಣ್ಣು, ಅರ್ಧ ಹಣೆ, ಇಷ್ಟೇ ಕಾಣುತ್ತಿತ್ತು. ನರ್ಸುಗಳು, ಅಡುಗೆಮನೆಯವರು, ಒಬ್ಬ ಆಂಬುಲೆನ್ಸ್ ಚಾಲಕ, ರಕ್ತಪರೀಕ್ಷೆಯ ವಿಭಾಗದ ಇಬ್ಬರು ಹೆಂಗಸರು ಹೀಗೆ ಕೈಗೆ ಸಿಕ್ಕಿದವರೆಲ್ಲ ಸೇರಿ ಕಟ್ಟಿದ ಬ್ಯಾಂಡು ಅದು. ಎಕ್ಸ್‌ರೇ ತೆಗೆಯುವವರು ಅದರ ಮಾಸ್ಟರು. ವಾರಕ್ಕೊಂದು ಸಂಜೆ ಫಿಸಿಯೋಥೆರಪಿ ಹಾಲಿನಲ್ಲಿ, ನಿಂತಲ್ಲೇ ತುಳಿಯುವ ಸೈಕಲ್ಲುಗಳನ್ನು ಗೋಡೆಗೆ ತಳ್ಳಿ ಕುರ್ಚಿ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದರು.

ಒದ್ದೆ ಹಾಸುಬಟ್ಟೆಗಳನ್ನು ಎತ್ತಿ ಎತ್ತಿ ದೊಡ್ಡಮ್ಮನ ತೋಳು ಗಟ್ಟಿಯಾಗಿತ್ತು. ದಿನವಿಡೀ ಯಂತ್ರಗಳ ಗದ್ದಲದಲ್ಲಿ ನಿಂತು ಬಂದವಳಿಗೆ ಮಾತು ಬೇಕಿರಲಿಲ್ಲ. ಗಂಡ ಇದ್ದಾಗಲೂ ಅಷ್ಟೇ, ಅವನು ಹೋದ ಮೇಲೂ ಅಷ್ಟೇ. ಆದರೆ ಟ್ಯೂಬಾದ ವಿಷಯಕ್ಕೆ ಬಂದರೆ ಅವಳಿಗೆ ಒಂದು ಹಮ್ಮಿತ್ತು. ಟ್ಯೂಬಾದ ಹಾಳೆಗಳಲ್ಲಿ ಕೆಲವು ಕಡೆ ಒಂದರ ಕೆಳಗೊಂದು ಎರಡು ಸ್ವರ ಅಚ್ಚಾಗಿರುತ್ತವೆ. ಮೇಲಿನದು ಎಲ್ಲರಿಗೆ, ಕೆಳಗಿನದು ಆಗುವವರಿಗೆ. ಯಾವುದನ್ನು ಊದಿದರೂ ತಪ್ಪಿಲ್ಲ. ದೊಡ್ಡಮ್ಮ ಒಂದು ದಿನವೂ ಮೇಲಿನದನ್ನು ಊದಿದವಳಲ್ಲ.

"ಮೇಲಿಂದು ಊದೋಕೆ ಇಷ್ಟು ದೊಡ್ಡ ಹಂಡೆ ಯಾಕೆ ಹೊತ್ಕೊಂಡು ಬರ್ಬೇಕು? ಒಂದು ಪೀಪಿ ಸಾಕಲ್ಲ," ಎನ್ನುತ್ತಿದ್ದಳು.

ಅವಳಿಗೆ ಒಬ್ಬಳೇ ಮಗಳು, ಕನ್ನಡಕದ ಅಂಗಡಿಯಲ್ಲಿ ಕೆಲಸ. ಆ ಅಂಗಡಿಯಿದ್ದ ಕಟ್ಟಡದ ಲಿಫ್ಟು ಆಗಾಗ ಕೆಡುತ್ತಿತ್ತು, ಅದನ್ನು ಸರಿಮಾಡಲು ಒಬ್ಬ ಮೆಕ್ಯಾನಿಕ್ ಆಗಾಗ ಬರುತ್ತಿದ್ದ. ಲಿಫ್ಟು ನಿಜಕ್ಕೂ ಅಷ್ಟು ಸಲ ಕೆಟ್ಟಿತ್ತೋ ಇಲ್ಲವೋ ಆ ಮಾತು ಬೇರೆ, ಅವರಿಬ್ಬರ ಮದುವೆಯಂತೂ ಆಯಿತು. ಅಳಿಯ ಒಳ್ಳೆಯವನೆಂದು ದೊಡ್ಡಮ್ಮನಿಗೆ ಗೊತ್ತಿತ್ತು. ಆದರೆ ಅವನು ಬಾಯಿ ಮುಚ್ಚುತ್ತಿರಲಿಲ್ಲ, ಕೈಯನ್ನೂ ಸುಮ್ಮನಿಡುತ್ತಿರಲಿಲ್ಲ. ಅತ್ತೆಯ ಮನೆಗೆ ಬಂದರೆ ಕೂರುವ ಮೊದಲೇ ಸುತ್ತ ಕಣ್ಣಾಡಿಸಿ ಏನು ಕೆಟ್ಟಿದೆ ಎಂದು ಹುಡುಕುತ್ತಿದ್ದ. ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಸರಿಮಾಡಿದ, ಅದು ಬರುವುದನ್ನೇ ನಿಲ್ಲಿಸಿತು. ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಹಾಕಿದ, ಆಮೇಲೆ ಅದು ಗಾಳಿಗೆ ತಾನೇ ತೆರೆದುಕೊಳ್ಳತೊಡಗಿತು. ದೊಡ್ಡಮ್ಮ ಅವನಿಗೆ ಮನಸ್ಸಿನಲ್ಲೇ ರಿಪೇರಿರಾಯ ಎಂದು ಹೆಸರಿಟ್ಟಿದ್ದಳು. ಎದುರಿಗೆ ಮಾತ್ರ 'ನೀವು' ಎಂದು ಬಹುವಚನ ಹಚ್ಚಿ, ಬ್ಯಾಂಕಿನ ಗುಮಾಸ್ತನೊಡನೆ ಮಾತಾಡಿದಂತೆ ಮಾತಾಡುತ್ತಿದ್ದಳು.

ಒಂದು ಭಾನುವಾರ ಮಗಳ ಮನೆಯಲ್ಲಿ ಊಟ ಮುಗಿಸಿ ಹೊರಟಾಗ ಅಳಿಯ ತಾನೇ ಕಾರಿನಲ್ಲಿ ಬಿಟ್ಟುಬರುತ್ತೇನೆಂದ. ಬಸ್ಸಿದೆ ಎಂದರೂ ಕೇಳಲಿಲ್ಲ. ಮುಂದಿನ ಬಾಗಿಲು ತೆರೆದು ಕೂರಿಸಿದ. ಅವಳು ಸೀಟಿನಲ್ಲಿ ಸರಿಯಾಗಿ ಕೂರಲು ಬಲಗೈಯಿಂದ ಬಾಗಿಲಿನ ಚೌಕಟ್ಟು ಹಿಡಿದಿದ್ದಳು. ಅವನು ಹಿಂದೆ ನಿಂತಿದ್ದ ಹೆಂಡತಿಗೆ ಏನೋ ಹೇಳುತ್ತಾ, ಬಹಳ ಮರ್ಯಾದೆಯಿಂದ, ಬಾಗಿಲು ಹಾಕಿದ.

ದೊಡ್ಡಮ್ಮ ಕಿರುಚಲಿಲ್ಲ. "ಬಾಗಿಲು," ಎಂದಳು ಅಷ್ಟೇ. ಅವನಿಗೆ ಕೇಳಿಸಲಿಲ್ಲ. ಮಗಳು ಕಿರುಚಿದಳು.

ಕಿರುಬೆರಳಿನ ಮೂಳೆ ಮುರಿದಿತ್ತು, ಅದನ್ನು ಮಡಿಸುವ ನರವೂ ಹರಿದಿತ್ತು. ತನ್ನದೇ ಆಸ್ಪತ್ರೆಯಲ್ಲಿ, ತಾನೇ ಒಗೆಸಿದ ಹಾಸಿಗೆಯ ಮೇಲೆ ಮಲಗಿ ಅವಳು ಹೊಲಿಗೆ ಹಾಕಿಸಿಕೊಂಡಳು. ಅಳಿಯ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ. ಅವಳು ಹೊರಗೆ ಬಂದಾಗ ಅವನು ಬಾಯಿ ತೆರೆದ, ಮಾತು ಬರಲಿಲ್ಲ. ಅವನಿಗೆ ಮಾತು ಬಾರದ್ದನ್ನು ದೊಡ್ಡಮ್ಮ ಮೊದಲ ಸಲ ನೋಡಿದ್ದು ಆಗಲೇ.

"ಪರವಾಗಿಲ್ಲ ಬಿಡಿ," ಎಂದಳು ಅವಳು. "ಬೇಕು ಅಂತ ಯಾರೂ ಮಾಡಲ್ಲ."

ಆಮೇಲೆ ಆ ವಿಷಯ ಇಬ್ಬರ ನಡುವೆ ಬರಲೇ ಇಲ್ಲ. ಅವನು ವಾರವಾರವೂ ಬಂದ, ಹಣ್ಣು ತಂದ, ಔಷಧಿ ತಂದ. ಆದರೆ ಅವಳ ಬಲಗೈ ಕಡೆಗೆ ಕಣ್ಣೆತ್ತಿಯೂ ನೋಡಲಿಲ್ಲ. ಅವಳೂ ಆ ಕೈಯನ್ನು ಸೆರಗಿನಡಿ ಇಟ್ಟುಕೊಂಡೇ ಕೂರುತ್ತಿದ್ದಳು.

ಪಟ್ಟಿ ಬಿಚ್ಚಿದ ಮೇಲೆ ಬೆರಳು ಒಣಗಿದ ಕಡ್ಡಿಯಂತೆ ನೆಟ್ಟಗೆ ಉಳಿಯಿತು. ಮಡಿಯುವುದಿಲ್ಲ, ಒತ್ತುವುದಿಲ್ಲ. ಲಾಂಡ್ರಿ ಕೆಲಸಕ್ಕೆ ತೊಂದರೆಯಿಲ್ಲ ಎಂದು ವೈದ್ಯರು ಹೇಳಿದರು. ಟ್ಯೂಬಾದ ಬಗ್ಗೆ ಅವರನ್ನು ಯಾರೂ ಕೇಳಲಿಲ್ಲ.

ಟ್ಯೂಬಾದಲ್ಲಿ ಬೆರಳಡಿಯ ಗುಂಡಿಗಳನ್ನು, ಅಂದರೆ ವಾಲ್ವ್‌ಗಳನ್ನು, ಒತ್ತಿದಷ್ಟೂ ಗಾಳಿ ಓಡುವ ಕೊಳವೆ ಉದ್ದವಾಗುತ್ತದೆ, ಕೊಳವೆ ಉದ್ದವಾದಷ್ಟೂ ಸ್ವರ ಕೆಳಗಿಳಿಯುತ್ತದೆ. ಮೊದಲ ಮೂರು ವಾಲ್ವ್‌ಗಳು ಒಂದು ಮಟ್ಟದವರೆಗೆ ಇಳಿಸುತ್ತವೆ. ಅದರ ಕೆಳಗೆ ಹೋಗಬೇಕಾದರೆ ನಾಲ್ಕನೆಯದು ಬೇಕು, ಅದು ಬಲಗೈ ಕಿರುಬೆರಳಿನ ಪಾಲು. ದೊಡ್ಡಮ್ಮ ಉಂಗುರದ ಬೆರಳನ್ನು ಅತ್ತ ಚಾಚಿ ನೋಡಿದಳು, ಮೂರನೆಯದು ಕೈಬಿಟ್ಟಿತು. ಎಡಗೈಯನ್ನು ತಂದು ಒತ್ತಿದಳು, ವಾದ್ಯವೇ ತೊಡೆಯಿಂದ ಜಾರಿತು. ಯಾವ ಸ್ವರಗಳಿಗಾಗಿ ಅವಳು ಅಷ್ಟು ವರ್ಷ ಆ ಹಂಡೆ ಹೊತ್ತಿದ್ದಳೋ ಆ ಸ್ವರಗಳೇ ಈಗ ಕೈಗೆಟುಕದಾದವು.

ಮಕ್ಕಳ ಹೊಸ ವಾರ್ಡಿನ ಉದ್ಘಾಟನೆಗೆ ಬ್ಯಾಂಡು ತಯಾರಾಗುತ್ತಿದ್ದ ಕಾಲ ಅದು. ಮಾಸ್ಟರು ಒಂದು ನಿಧಾನಗತಿಯ ತುಣುಕು ಆರಿಸಿದ್ದರು. ಅದರ ಕೊನೆಯಲ್ಲಿ ಒಂದೊಂದೇ ವಾದ್ಯ ನಿಂತುಹೋಗಿ ಟ್ಯೂಬಾ ಒಂದೇ ಉಳಿಯುತ್ತದೆ, ಒಂದು ಉದ್ದದ ಸಿ ಸ್ವರ ಹಿಡಿದು. ಹಾಳೆಯಲ್ಲಿ ಆ ಸಿ ಎರಡು ಇದ್ದವು, ಮೇಲೊಂದು, ಕೆಳಗೊಂದು. ಕೆಳಗಿನದಕ್ಕೆ ಒಂದನೇ, ಮೂರನೇ, ನಾಲ್ಕನೇ ವಾಲ್ವ್ ಒಟ್ಟಿಗೆ ಒತ್ತಬೇಕು.

ಮೊದಲ ಅಭ್ಯಾಸದಲ್ಲಿ ದೊಡ್ಡಮ್ಮ ಮೇಲಿನದನ್ನು ಊದಿದಳು. ತಪ್ಪೇನೂ ಇರಲಿಲ್ಲ, ಸ್ವರ ಶುದ್ಧವಾಗಿತ್ತು. ಆದರೂ ತುಣುಕು ಮುಗಿದ ಮೇಲೆ ಎಲ್ಲರೂ ತಂತಮ್ಮ ಹಾಳೆಗಳ ಕಡೆ ನೋಡಿದರು. ಮುಂದಿನ ಸಾಲಿನ ನರ್ಸು ತನ್ನ ಕ್ಲಾರಿನೆಟ್ಟನ್ನು ಸುಮ್ಮನೆ ಒರೆಸುತ್ತ ಕುಳಿತಳು.

"ಚೆನ್ನಾಗಿತ್ತು ದೊಡ್ಡಮ್ಮ," ಎಂದರು ಮಾಸ್ಟರು.

"ಸುಳ್ಳು ಹೇಳಬೇಡಿ ಮಾಸ್ಟರೇ," ಎಂದಳು ಅವಳು. "ಮಂಚದ ಕಾಲು ಕಿತ್ತು ಇಟ್ಟಿಗೆ ಇಟ್ಟ ಹಾಗಿತ್ತು."

ಆ ಸಂಜೆ ಮಗಳು ಫೋನು ಮಾಡಿದಾಗ ಅವಳು ಏನನ್ನೂ ಹೇಳಿಕೊಳ್ಳಲಿಲ್ಲ. ಆದರೆ ಆಂಬುಲೆನ್ಸ್ ಚಾಲಕ ಕನ್ನಡಕ ಮಾಡಿಸಲು ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟ. ಮಗಳಿಂದ ಅದು ಅಳಿಯನ ಕಿವಿಗೆ ಬಿತ್ತು. ಮಾರನೆಯ ವಾರ ಅವನು ಅಭ್ಯಾಸದ ಹಾಲಿಗೇ ಬಂದು ನಿಂತ. ಕೈಯಲ್ಲಿ ಉಪಕರಣಗಳ ಪೆಟ್ಟಿಗೆ.

"ಅತ್ತೆ, ಒಂದೇ ಒಂದು ಸಲ ಅದನ್ನ ನೋಡಬಹುದಾ?"

ನೋಡಿದ. ನಾಲ್ಕನೇ ವಾಲ್ವನ್ನು ಒತ್ತಿ ಒತ್ತಿ ಬಿಟ್ಟ, ಅಳೆದ, ತಲೆದೂಗಿದ. ಮುಂದೆ ಕೆಲವು ದಿನ ಅವನ ಮನೆಯ ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿರಲಿಲ್ಲ. ಕೊನೆಗೆ ಸಿದ್ಧವಾದದ್ದು ಒಂದು ವಿಚಿತ್ರ ಯಂತ್ರ. ಟ್ಯೂಬಾದ ಎಡಬದಿಗೆ ಸೈಕಲ್ಲಿನ ಬ್ರೇಕ್ ಹಿಡಿ. ಅದರಿಂದ ಒಂದು ತಂತಿ ಕೊಳವೆಗಳ ನಡುವೆ ನುಸುಳಿ ಬಲಬದಿಗೆ ಬಂದು, ನಾಲ್ಕನೇ ವಾಲ್ವಿನ ತಲೆಯ ಮೇಲೆ ಕೂತ ಒಂದು ಪುಟ್ಟ ತಗಡನ್ನು ಕೆಳಕ್ಕೆ ಎಳೆಯುತ್ತಿತ್ತು. ಹಿತ್ತಾಳೆ ಗೀರಬಾರದೆಂದು ಎಲ್ಲ ಕಡೆ ರಬ್ಬರಿನ ಪಟ್ಟಿ ಸುತ್ತಿದ್ದ. ಎಡಗೈಯಿಂದ ವಾದ್ಯ ಹಿಡಿದುಕೊಂಡೇ ಬ್ರೇಕ್ ಹಿಡಿದರೆ ನಾಲ್ಕನೇ ವಾಲ್ವ್ ಒತ್ತಿಕೊಳ್ಳುತ್ತಿತ್ತು.

ದೊಡ್ಡಮ್ಮ ಕೂತು ಹಿಡಿ ಅದುಮಿ ಊದಿದಳು. ಕೆಳಗಿನ ಸಿ ಬಂತು. ಕಿಟಕಿಯ ಗಾಜು ಮೊದಲಿನಂತೆ ನಡುಗಿತು.

ಜೊತೆಗೆ ಇನ್ನೊಂದು ಸದ್ದೂ ಬಂತು, ಟಕ್. ಹಿಡಿ ಬಿಟ್ಟಾಗ ಮತ್ತೊಂದು, ಟಕ್.

"ಅದು ಸ್ಪ್ರಿಂಗು," ಎಂದ ಅಳಿಯ ಗಡಿಬಿಡಿಯಿಂದ. "ಹೊಸದಲ್ವಾ, ಪಳಗಿದ ಮೇಲೆ ಸರಿಹೋಗತ್ತೆ."

ಅದು ಪಳಗಲಿಲ್ಲ. ಅವನು ಪ್ರತಿ ವಾರವೂ ಎಣ್ಣೆಯ ಡಬ್ಬಿ ಹಿಡಿದು ಬಂದ. ಸ್ಪ್ರಿಂಗು ಬದಲಿಸಿದ, ತಂತಿ ಬದಲಿಸಿದ, ತಗಡಿನ ಕೆಳಗೆ ಬಟ್ಟೆ ಅಂಟಿಸಿದ. ಟಕ್ ಎನ್ನುವುದು ಒಮ್ಮೆ ಟಿಕ್ ಆಯಿತು, ಒಮ್ಮೆ ಟೊಕ್ ಆಯಿತು, ಹೋಗಲಂತೂ ಇಲ್ಲ. ಜೋರಾದ ತುಣುಕುಗಳಲ್ಲಿ ಪರವಾಗಿರಲಿಲ್ಲ. ನಿಧಾನದ ತುಣುಕಿನಲ್ಲಿ, ಎಲ್ಲರೂ ಉಸಿರು ಹಿಡಿದ ಹೊತ್ತಿನಲ್ಲಿ, ಯಾರೋ ಪೆಟ್ಟಿಗೆಗೆ ಚಿಲಕ ಹಾಕಿದಂತೆ ಕೇಳಿಸುತ್ತಿತ್ತು. ಡ್ರಮ್ಮು ಬಾರಿಸುವ ಅಡುಗೆಭಟ್ಟ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದ. ಮಾಸ್ಟರು ಕಣ್ಣು ಮುಚ್ಚುತ್ತಿದ್ದರು, ಭಾವದಿಂದಲೋ ನೋವಿನಿಂದಲೋ ಹೇಳುವುದು ಕಷ್ಟ.

ಈ ಮಧ್ಯೆ ಒಂದು ಮಧ್ಯಾಹ್ನ ಲಾಂಡ್ರಿಯಲ್ಲಿ ಕೆಲಸ ಬೇಗ ಮುಗಿಯಿತು. ದೊಡ್ಡಮ್ಮ ಟ್ಯೂಬಾವನ್ನು ಅಲ್ಲಿಗೇ ತಂದಿಟ್ಟುಕೊಂಡಿದ್ದಳು. ಬಟ್ಟೆ ಒಣಗಿಸುವ ಯಂತ್ರಗಳು ತಿರುಗುತ್ತಿರುವಾಗ ಊದಿದರೆ ಯಾರಿಗೂ ತೊಂದರೆಯಿಲ್ಲ. ಮಡಿಸಿದ ಹಾಸುಬಟ್ಟೆಗಳ ರಾಶಿಗೆ ಒರಗಿ, ಬ್ರೇಕಿನ ಗೊಡವೆಗೆ ಹೋಗದೆ, ಒಂದನೇ ಎರಡನೇ ವಾಲ್ವ್ ಮಾತ್ರ ಒತ್ತಿ ಒಂದು ನಡುವಿನ ಸ್ವರವನ್ನು ಉದ್ದಕ್ಕೆ ಎಳೆಯುತ್ತಿದ್ದಳು. ಬೆಳಗಿನಿಂದ ದುಡಿದ ಮೈ. ಉಸಿರಿತ್ತು, ತುಟಿ ಮಾತ್ರ ಸೋತು ಸಡಿಲವಾಯಿತು. ದವಡೆ ತಾನಾಗಿ ಕೆಳಗೆ ಬಿತ್ತು. ಸ್ವರವೂ ಬಿತ್ತು.

ಬಿದ್ದ ಸ್ವರ ಎಲ್ಲಿಯೋ ಕೆಳಗೆ ಹೋಗಿ ನಿಂತುಕೊಂಡಿತು. ಕೆಸರಿನಲ್ಲಿ ಹೆಜ್ಜೆ ಇಟ್ಟಾಗ ಕಾಲಿಗೆ ಗಟ್ಟಿ ನೆಲ ಸಿಕ್ಕಂತೆ. ದೊಡ್ಡಮ್ಮ ಊದುವುದನ್ನು ನಿಲ್ಲಿಸಿ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಒಂದು, ಎರಡು. ನಾಲ್ಕನೆಯದನ್ನು ಯಾರೂ ಮುಟ್ಟಿಲ್ಲ. ಮತ್ತೆ ತುಟಿ ಸಡಿಲಿಸಿ, ದವಡೆ ಇಳಿಸಿ, ಬಿಸಿ ಉಸಿರು ಬಿಡುವಂತೆ ಊದಿದಳು. ಮೊದಲು ಗೊರಗೊರ ಎಂದಿತು, ಆಮೇಲೆ ಗಟ್ಟಿಯಾಯಿತು. ಸಂಶಯವೇ ಇಲ್ಲ, ಅದು ಕೆಳಗಿನ ಸಿ. ಅಷ್ಟು ಗಿಡ್ಡ ಕೊಳವೆಯಲ್ಲಿ ಆ ಸ್ವರಕ್ಕೆ ಜಾಗವೇ ಇಲ್ಲ, ಆದರೂ ಬಂದಿತ್ತು.

ಮಾರನೆಯ ದಿನ ಎಕ್ಸ್‌ರೇ ವಿಭಾಗದ ಬಾಗಿಲಲ್ಲಿ ಮಾಸ್ಟರನ್ನು ಹಿಡಿದು ಕೇಳಿದಳು.

"ಓ, ಕಳ್ಳ ಸ್ವರ!" ಎಂದರು ಮಾಸ್ಟರು, ಸೀಸದ ಅಂಗಿ ಕಳಚುತ್ತಾ. "ನಮ್ಮ ಗುರುಗಳು ಹಾಗೆ ಕರೀತಿದ್ರು. ನಾಲ್ಕನೇ ವಾಲ್ವ್ ಇಲ್ಲದ ಹಳೇ ವಾದ್ಯ ಇದ್ದವರು ತುಟಿಯಿಂದಲೇ ಎಳೆದು ಇಳಿಸ್ತಿದ್ರಂತೆ. ಎಲ್ಲರಿಗೂ ಒಲಿಯಲ್ಲ ಅದು. ನಿಮಗೆ ಬಂತಾ?"

"ಬಂತು."

"ಹಾಗಾದ್ರೆ ಆ ಬ್ರೇಕು..."

"ತಡೀರಿ," ಎಂದಳು ದೊಡ್ಡಮ್ಮ. "ಆ ಸ್ವರ ಇನ್ನೂ ಪಳಗಿಲ್ಲ. ಹತ್ತು ಸಲ ಊದಿದ್ರೆ ಆರು ಸಲ ಬರತ್ತೆ. ಸದ್ಯಕ್ಕೆ ಯಾರಿಗೂ ಹೇಳಬೇಡಿ."

ಅವಳು ದಿನಾ ಮಧ್ಯಾಹ್ನ ಲಾಂಡ್ರಿಯಲ್ಲಿ ಅದನ್ನು ಪಳಗಿಸಿದಳು. ಹಳೆಯ ಸ್ವರಕ್ಕೂ ಇದಕ್ಕೂ ವ್ಯತ್ಯಾಸವಿತ್ತು. ವಾಲ್ವ್ ಒತ್ತಿದರೆ ಆ ಸ್ವರ ಅಲ್ಲೇ ಕಾದು ಕೂತಿರುತ್ತಿತ್ತು, ಹೋಗಿ ಎತ್ತಿಕೊಂಡರೆ ಆಯಿತು. ಇದನ್ನು ಪ್ರತಿ ಸಲವೂ ಹುಡುಕಬೇಕು. ಮೊದಲೇ ಕಿವಿಯಲ್ಲಿ ಕೇಳಿಸಿಕೊಂಡು, ಆಮೇಲೆ ತುಟಿಯನ್ನು ಅಲ್ಲಿಗೆ ಕರೆದೊಯ್ಯಬೇಕು. ಸ್ವಲ್ಪ ಬಿಗಿದರೆ ಮೇಲಕ್ಕೆ ಹಾರಿಬಿಡುತ್ತಿತ್ತು, ಸ್ವಲ್ಪ ಬಿಟ್ಟರೆ ಬರೀ ಗಾಳಿ. ಆದರೆ ಸಿಕ್ಕಾಗ ಅದು ಹಳೆಯದಕ್ಕಿಂತ ಅಗಲವಾಗಿ, ಎದೆಯ ಗೂಡಿನಲ್ಲೇ ಹುಟ್ಟಿದಂತೆ ಕೇಳಿಸುತ್ತಿತ್ತು. ಅಳಿಯನಿಗೆ ಹೇಳಿಬಿಡೋಣ ಎಂದು ಅವಳು ಒಂದು ಭಾನುವಾರ ಮಗಳ ಮನೆಗೆ ಹೋದಳು.

ಅಳಿಯ ಹಿತ್ತಿಲಲ್ಲಿ ಏನನ್ನೋ ಉಜ್ಜುತ್ತಿದ್ದ, ಶಿಳ್ಳೆ ಹಾಕಿಕೊಂಡು. ಅಡುಗೆಮನೆಯಲ್ಲಿ ಮಗಳು ಪಾತ್ರೆ ಒರೆಸುತ್ತಾ ಆ ಕಡೆ ಕಿವಿಗೊಟ್ಟಳು.

"ಕೇಳಿಸ್ತಾ ಅಮ್ಮ? ಎಷ್ಟು ದಿನ ಆಗಿತ್ತು ಗೊತ್ತಾ ಆ ಶಿಳ್ಳೆ ಕೇಳಿ? ನಿನ್ನ ಬೆರಳಿಗೆ ಹಾಗಾದ ಮೇಲೆ ಅವರು ಸರಿಯಾಗಿ ಊಟಾನೇ ಮಾಡ್ತಿರಲಿಲ್ಲ. ಆ ಬ್ರೇಕ್ ಹಾಕಿಕೊಟ್ಟ ಮೇಲೆ ಮನುಷ್ಯ ಆಗಿದ್ದಾರೆ."

"ಒಂದು ಬೆರಳಿಗೆ ಅಷ್ಟೊಂದಾ?"

"ನಿನಗೆ ಗೊತ್ತಿಲ್ಲ. ಅವರು ಬೆಳೆದದ್ದು ಸೋದರತ್ತೆ ಮನೆಯಲ್ಲಿ ಅಲ್ವಾ? ಆ ಮನೇಲಿ ಸುಮ್ಮನೆ ಕೂತವರಿಗೆ ಜಾಗ ಇರಲಿಲ್ಲವಂತೆ. ಯಾವುದೋ ಸ್ಟೂಲು, ಯಾವುದೋ ಛತ್ರಿ, ಏನಾದ್ರೂ ಸರಿಮಾಡಿಕೊಟ್ಟ ದಿನ ಮಾತ್ರ ಒಳ್ಳೇ ಮಾತು. ಈಗಲೂ ಯಾರ ಮನೆಗೆ ಹೋದ್ರೂ ಮೊದಲು ಏನು ಕೆಟ್ಟಿದೆ ಅಂತ ನೋಡ್ತಾರೆ. ನಿನ್ನ ಮನೆಯಲ್ಲೂ ಅಷ್ಟೇ. ಅವರು ಮಾಡಿದ್ದು ನೀನು ಬೇಡ ಅಂದ್ರೆ, ಅವರನ್ನೇ ಬೇಡ ಅಂದ ಹಾಗೆ ಅಂದ್ಕೋತಾರೆ."

ನಲ್ಲಿ ನಿಂತುಹೋದ ದಿನ ತಾನು ಅವನೆದುರೇ ಪ್ಲಂಬರನ್ನು ಕರೆಸಿದ್ದು ದೊಡ್ಡಮ್ಮನಿಗೆ ನೆನಪಾಯಿತು. ಹೇಳಬೇಕೆಂದು ತಂದಿದ್ದ ಮಾತನ್ನು ಹಾಗೇ ವಾಪಸು ತೆಗೆದುಕೊಂಡು ಹೋದಳು.

ಉದ್ಘಾಟನೆಯ ಹಿಂದಿನ ದಿನದ ಅಭ್ಯಾಸದಲ್ಲಿ ಮಾಸ್ಟರು ಅವಳನ್ನು ಪಕ್ಕಕ್ಕೆ ಕರೆದರು. "ದೊಡ್ಡಮ್ಮ, ನಾಳೆ ಆ ಟಕ್ ಬೇಡ. ಮೇಲಿನ ಸಿ ಊದಿ, ಇಲ್ಲಾ ಕಳ್ಳ ಸ್ವರ ಊದಿ. ಆ ಬ್ರೇಕ್ ಬಿಚ್ಚಿಡಿ."

"ಬಿಚ್ಚೋಕಾಗಲ್ಲ ಮಾಸ್ಟರೇ."

"ಯಾಕೆ, ತುಕ್ಕು ಹಿಡಿದಿದ್ಯಾ?"

"ಇಲ್ಲ. ಅದು ಇರತ್ತೆ, ನಾನು ಒತ್ತಲ್ಲ. ಕೈ ಅದರ ಮೇಲೇ ಇಟ್ಟಿರ್ತೀನಿ. ನೋಡೋರಿಗೆ ಒತ್ತಿದ ಹಾಗೆ ಕಂಡ್ರೆ ಸಾಕು."

ಮಾಸ್ಟರು ಅವಳ ಮುಖ ನೋಡಿದರು. "ಕಳ್ಳ ಸ್ವರಕ್ಕೆ ಕಳ್ಳ ಕೈ ಬೇರೆ," ಎಂದು ನಕ್ಕು ಒಪ್ಪಿಕೊಂಡರು.

ಬೆಳಗಿನ ಬಿಸಿಲು ಹೊಸ ವಾರ್ಡಿನ ಗೋಡೆಗೆ ಬಿದ್ದಿತ್ತು. ಅಂಗಳದಲ್ಲಿ ಕುರ್ಚಿಗಳು. ಗಾಲಿಕುರ್ಚಿಯ ಮಕ್ಕಳನ್ನು ಮುಂದಕ್ಕೆ ತಂದು ನಿಲ್ಲಿಸಿದ್ದರು. ಅವರ ಹಿಂದಿನ ಸಾಲಿನಲ್ಲೇ ಮಗಳು, ಅಳಿಯ. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿ, ಕಿಸೆಯಲ್ಲಿ ಒಂದು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡೇ ಬಂದಿದ್ದ.

ಭಾಷಣಗಳು ಮುಗಿದವು. ಜೋರಾದ ತುಣುಕೊಂದು ಮುಗಿಯಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ನಿಧಾನದ್ದು. ಕೊನೆಗೆ ತುತ್ತೂರಿಗಳು ನಿಂತವು, ಕ್ಲಾರಿನೆಟ್ಟುಗಳು ನಿಂತವು, ಕೊಳಲು ನಿಂತಿತು. ದೊಡ್ಡಮ್ಮ ಎಡಗೈಯನ್ನು ಬ್ರೇಕಿನ ಹಿಡಿಯ ಮೇಲೆ ಇಟ್ಟಳು, ಅದುಮಲಿಲ್ಲ. ಒಂದು, ಎರಡು ಒತ್ತಿದಳು. ದವಡೆ ಇಳಿಸಿ ಊದಿದಳು.

ಮೊದಲ ಕ್ಷಣ ಬರೀ ಗಾಳಿ. ಮಾಸ್ಟರ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಸ್ವರ ಬಂದು ಕೂತಿತು, ತುಸು ಒರಟಾಗಿ, ಅಗಲವಾಗಿ. ಕುರ್ಚಿಗಳ ಕಾಲು ಹಿಡಿದು ಮೈಗೆ ಹತ್ತುವಂಥ ಸ್ವರ. ಗಾಲಿಕುರ್ಚಿಯಲ್ಲಿದ್ದ ಒಂದು ಹುಡುಗಿ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡಳು. ಉಸಿರಿರುವಷ್ಟು ಹೊತ್ತೂ ದೊಡ್ಡಮ್ಮ ಅದನ್ನು ಹಿಡಿದಳು. ಸ್ವರ ಸಣ್ಣಗಾಗಿ ನಿಂತಾಗ ಎಲ್ಲೂ ಒಂದು ಟಕ್ ಕೇಳಿಸಲಿಲ್ಲ.

ಜನ ಚಪ್ಪಾಳೆ ತಟ್ಟುತ್ತಿದ್ದಾಗ ಹಿತ್ತಾಳೆಯ ಸಂದಿಯಿಂದ ಅವಳು ಅಳಿಯನ ಕಡೆ ನೋಡಿದಳು. ಎಲ್ಲರ ಕೈ ಆಡುತ್ತಿತ್ತು, ಅವನ ಕೈ ಮಾತ್ರ ತೊಡೆಯ ಮೇಲಿತ್ತು. ಯಂತ್ರ ಎಲ್ಲಿ ಸದ್ದು ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಎಂದು ಕಿವಿಯಿಂದಲೇ ಹೇಳಿ ಅನ್ನ ಸಂಪಾದಿಸುವವನು ಅವನು. ಅವನಿಂದ ಇದನ್ನು ಮುಚ್ಚಿಡಬಹುದೆಂದು ತಾನು ಹೇಗೆ ಅಂದುಕೊಂಡೆನೋ ಎಂದು ಅವಳಿಗೆ ನಾಚಿಕೆಯಾಯಿತು.

ಫಿಸಿಯೋಥೆರಪಿ ಹಾಲಿನಲ್ಲಿ ಅವಳು ವಾದ್ಯ ಒರೆಸುತ್ತಿದ್ದಾಗ ಅವನು ಬಂದ. ಉಳಿದವರೆಲ್ಲ ಕ್ಯಾಂಟೀನಿಗೆ ಹೋಗಿದ್ದರು.

"ಬ್ರೇಕ್ ಒತ್ತಲಿಲ್ಲ ಅಲ್ವಾ ಅತ್ತೆ?"

"ಇಲ್ಲ."

"ಆದ್ರೂ ಕೆಳಗಿಂದೇ ಬಂತು."

"ಬಂತು. ತುಟಿಯಿಂದ ಊದೋ ಸ್ವರ ಅದು, ಬೆರಳು ಬೇಡ. ಆಕಸ್ಮಿಕವಾಗಿ ಸಿಕ್ತು."

"ಯಾವಾಗ ಸಿಕ್ತು?"

ಅವಳು ಒರೆಸುವುದನ್ನು ನಿಲ್ಲಿಸಿದಳು. "ಆಗಲೇ. ನೀವು ಎರಡನೇ ಸಲ ಸ್ಪ್ರಿಂಗು ಬದಲಿಸಿದ ಹೊತ್ತಿಗೆ."

ಅವನು ತಲೆ ತಗ್ಗಿಸಿ ಒಂದು ಸೈಕಲ್ಲಿನ ಸೀಟಿನ ಮೇಲೆ ಕುಳಿತ. "ಹಾಗಾದ್ರೆ ಇಷ್ಟು ದಿನ ಅದು ಸುಮ್ಮನೆ ಇತ್ತಾ? ಎಲ್ಲರೂ ನಗ್ತಿದ್ರು, ನನಗೂ ಗೊತ್ತಿತ್ತು. ಆದ್ರೆ ನಿಮಗೆ ಬೇಕಾಗಿದೆ ಅಂತ... ಹೇಳಬಹುದಿತ್ತಲ್ಲ ಅತ್ತೆ?"

"ಹೇಳೋಕೇ ಬಂದಿದ್ದೆ. ನೀನು ಹಿತ್ತಿಲಲ್ಲಿ ಶಿಳ್ಳೆ ಹಾಕ್ತಾ ಇದ್ದೆ."

ಬಾಯಿ ತಪ್ಪಿ ಬಂದ ಏಕವಚನ. ಅವಳು ಅದನ್ನು ತಿದ್ದಲು ಹೋಗಲಿಲ್ಲ. ಅವನು ತಲೆಯೆತ್ತಿ ನೋಡಿದ, ಮತ್ತೆ ನೆಲ ನೋಡಿದ. ಮುಂದೆ ಮಾತಾಡಿದವಳು ದೊಡ್ಡಮ್ಮನೇ.

"ಆವತ್ತು ಪರವಾಗಿಲ್ಲ ಅಂದೆನಲ್ಲ, ಅದು ಸುಳ್ಳು. ತುಂಬಾ ನೋವಾಗಿತ್ತು. ಸಿಟ್ಟೂ ಬಂದಿತ್ತು. ಮನೆಗೆ ಹೋಗಿ ಒಂದು ತಟ್ಟೆ ಎತ್ತಿ ಗೋಡೆಗೆ ಹೊಡೆದೆ."

"ಅತ್ತೇ..."

"ಕೇಳು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರೆ. ಅಳಿಯನ ಮೇಲಿನ ಕೋಪ ನಾನು ತಟ್ಟೆ ಮೇಲೆ ತೀರಿಸಿದೆ. ಅಲ್ಲಿಗೆ ಅದು ಮುಗೀತು. ನೀನು ಮಾತ್ರ ಇನ್ನೂ ಆ ಬಾಗಿಲ ಹತ್ರಾನೇ ನಿಂತಿದೀಯ."

ಅವನು ಸೀಟಿನಿಂದ ಇಳಿದು ಹತ್ತಿರ ಬಂದ. "ಒಂದ್ಸಲ ನೋಡಲಾ?" ಎಂದ, ಕೇಳಿಸಿಯೂ ಕೇಳಿಸದಂತೆ.

ದೊಡ್ಡಮ್ಮ ಬಲಗೈ ಚಾಚಿದಳು. ಅವನು ಅದನ್ನು ತನ್ನ ಅಂಗೈಯ ಮೇಲೆ ಇಟ್ಟುಕೊಂಡು ಮೊದಲ ಸಲ ಆ ಬೆರಳನ್ನು ನೋಡಿದ. ಗಿಣ್ಣಿನ ಮೇಲೆ ಹೊಲಿಗೆಯ ಗುರುತು, ಬಣ್ಣಗೆಟ್ಟ ಉಗುರು. ಯಾವ ಗಿಣ್ಣು ಮಡಿಯುವುದಿಲ್ಲ, ಎಲ್ಲಿ ನಿಂತುಹೋಗಿದೆ ಎಂದು ಮೆಲ್ಲಗೆ ಮುಟ್ಟಿ ನೋಡಿದ. ಅವನ ಕಣ್ಣಿಂದ ನೀರು ಇಳಿದು ಅವಳ ಮಣಿಕಟ್ಟಿನ ಮೇಲೆ ಬಿತ್ತು. ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಇದನ್ನ ಸರಿಮಾಡೋಕಾಗಲ್ಲ," ಎಂದ ಅವನು.

"ಆಗಲ್ಲ," ಎಂದಳು. "ಬೇಡ ಕೂಡ."

ಆಮೇಲೆ ಇಬ್ಬರೂ ಸೇರಿ ಬ್ರೇಕನ್ನು ಬಿಚ್ಚಿದರು. ಸ್ಕ್ರೂಡ್ರೈವರ್ ಅವನ ಕಿಸೆಯಲ್ಲೇ ಇತ್ತು. ರಬ್ಬರಿನ ಪಟ್ಟಿಗಳ ಕೆಳಗೆ ಹಿತ್ತಾಳೆಯ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಅದನ್ನು ನೋಡಿ ದೊಡ್ಡಮ್ಮ, "ಇದೊಂದು ಕೆಲಸ ಅಚ್ಚುಕಟ್ಟಾಗಿ ಮಾಡಿದ್ದೆ ನೋಡು," ಎಂದಳು. ಅವನಿಗೆ ನಗು ಬಂತು.

"ಅತ್ತೆ, ಆ ಸ್ವರ ಹೇಗೆ ಬರತ್ತೆ? ಕೊಳವೆ ಅಷ್ಟು ಉದ್ದಾನೇ ಇಲ್ವಲ್ಲ, ಲೆಕ್ಕ ಕೂಡಲ್ಲ."

"ನನಗೂ ಗೊತ್ತಿಲ್ಲ. ಊದಿ ನೋಡು ಬೇಕಾದ್ರೆ."

ಅವನು ಟ್ಯೂಬಾವನ್ನು ತಬ್ಬಿ ಕೂತು, ಕೆನ್ನೆ ಉಬ್ಬಿಸಿ, ಕಣ್ಣು ಹೊರಬರುವಂತೆ ಊದಿದ. ನೆಗಡಿಯಾದ ಎಮ್ಮೆ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಂಥ ಸದ್ದು ಹೊರಟಿತು. ದೊಡ್ಡಮ್ಮ ಗೋಡೆ ಹಿಡಿದುಕೊಂಡು ನಕ್ಕಳು. ಅವರನ್ನು ಹುಡುಕಿಕೊಂಡು ಬಂದ ಮಗಳು ಬಾಗಿಲಲ್ಲೇ ನಿಂತುಬಿಟ್ಟಳು. ಗಂಡನ ಕಣ್ಣು ಕೆಂಪು, ಅಮ್ಮನ ಕಣ್ಣಲ್ಲೂ ನೀರು, ನಡುವೆ ಟ್ಯೂಬಾ.

"ಏನಾಯ್ತು ಇಬ್ಬರಿಗೂ?"

"ಏನಿಲ್ಲ. ನಿನ್ನ ಗಂಡನಿಗೆ ಉಸಿರಿದೆ, ತುಟಿಯಿಲ್ಲ," ಎಂದಳು ದೊಡ್ಡಮ್ಮ.

"ಕಲಿಸ್ತೀರಾ ಅತ್ತೆ?" ಎಂದ ಅವನು, ಮುಖ ಒರೆಸಿಕೊಳ್ಳುತ್ತಾ.

"ಖಂಡಿತ ಇಲ್ಲ. ನೀನು ಲಿಫ್ಟು ನೋಡ್ಕೋ. ನಡೀರಿ ಈಗ, ಕ್ಯಾಂಟೀನಿನಲ್ಲಿ ಏನೂ ಉಳಿದಿರಲ್ಲ."

ದೊಡ್ಡಮ್ಮ ಈಗಲೂ ಬ್ಯಾಂಡಿನಲ್ಲಿದ್ದಾಳೆ. ಆ ಸ್ವರ ಹತ್ತಕ್ಕೆ ಹತ್ತು ಸಲ ಬರುವುದಿಲ್ಲ. ಬಾರದ ದಿನ ಮಾಸ್ಟರು ಹುಬ್ಬು ಗಂಟಿಕ್ಕುತ್ತಾರೆ, ಅವಳು ಮೇಲಿನದನ್ನು ಊದಿ ಮುಂದಕ್ಕೆ ಹೋಗುತ್ತಾಳೆ. ಬೆರಳು ಚಳಿಗೆ ನೋಯುತ್ತದೆ, ಒದ್ದೆ ಬಟ್ಟೆ ಎತ್ತುವಾಗ ಅಡ್ಡ ಬರುತ್ತದೆ. ನೋವು ಹೆಚ್ಚಾದ ದಿನ ಅವಳು ಫೋನು ಮಾಡಿ ಅಳಿಯನಿಗೇ ಹೇಳುತ್ತಾಳೆ, ಇವತ್ತು ಬಹಳ ನೋಯ್ತಾ ಇದೆ ಕಣೋ, ಎಂದು. ಅವನು ಹೌದಾ ಎನ್ನುತ್ತಾನೆ. ಎಣ್ಣೆ ಹಚ್ಚಿ, ಪಟ್ಟಿ ಕಟ್ಟಿ, ನಾನು ಒಂದು ಯಂತ್ರ ಮಾಡಿಕೊಡ್ತೀನಿ ಎಂದೆಲ್ಲ ಹೇಳಲು ಅವನ ಬಾಯಿ ತುರಿಸುತ್ತಿರುತ್ತದೆ. ಆದರೂ ಹೇಳುವುದಿಲ್ಲ. ಅವಳು ಹೇಳಿ ಮುಗಿಸುವವರೆಗೆ ಫೋನು ಹಿಡಿದು ಕೇಳಿಸಿಕೊಳ್ಳುತ್ತಾನೆ.